ಡಬ್ಬಿ ಹೋಯಿತು, ಬಾಡಿಗೆ ಬಂತು

ಸಹೋದರಿಯರೇ, ನಿಮ್ಮ ಮನೆಯ ಶೋಕೇಸಿನಲ್ಲೋ ಮಕ್ಕಳ ಹಳೆಯ ಪುಸ್ತಕಗಳ ರಾಶಿಯಲ್ಲೋ ಹುಡುಕಿದರೆ ಒಂದು ಸೀಡಿ ಡಬ್ಬಿ ಸಿಗಬಹುದು. ಮೇಲೆ ಬಣ್ಣದ ಚಿತ್ರ, ಒಳಗೆ ಹೊಳೆಯುವ ಒಂದು ತಟ್ಟೆ, ತೆಳುವಾದ ಒಂದು ಪುಸ್ತಿಕೆ, ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲಿರುವ ಒಂದು ಕಾರ್ಡು. ಒಂದು ಕಾಲದಲ್ಲಿ ಹಣ ಕೊಟ್ಟು, ಬಿಲ್ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ವಸ್ತುವದು. ಈಗ ಅದನ್ನು ಹಾಕಲು ಜಾಗವೇ ಇಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೀಡಿ ಡ್ರೈವ್ ಕಾಣುವುದೇ ಅಪರೂಪ.

ಸಾಫ್ಟ್‌ವೇರ್ ಅಂಗಡಿಯಲ್ಲಿ ಮಾರಿದರೇನು, ಇಂಟರ್‌ನೆಟ್‌ನಲ್ಲಿ ಮಾರಿದರೇನು, ಇದು ಗಂಡಸರ ವ್ಯವಹಾರ ಎಂದು ಪುಟ ತಿರುಗಿಸಬೇಡಿ. ಮಗನ ಪಾಠದ ಆ್ಯಪ್‌ಗೆ ತಿಂಗಳು ತಿಂಗಳು ಹಣ ಕಡಿತವಾಗುತ್ತಿರುವುದು ಯಾರ ಖಾತೆಯಿಂದ? ಮನೆಯಲ್ಲೇ ಕುಳಿತು ಮದುವೆ ಕಾರ್ಡು ವಿನ್ಯಾಸ ಮಾಡುವ ಹುಡುಗಿ ಬಳಸುತ್ತಿರುವುದು ಯಾರು ಕೊಟ್ಟ ಫೋಟೋಶಾಪ್? ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಿಮ್ಮ ತಮ್ಮನಿಗೋ ಮೈದುನನಿಗೋ ಮೊದಲಿನಷ್ಟು ಗಳಿಕೆ ಯಾಕಿಲ್ಲ? ಈ ಮೂರೂ ಪ್ರಶ್ನೆಗಳು ಆ ಡಬ್ಬಿ ಮಾಯವಾದ ಸಂಗತಿಗೇ ತಗಲಿಕೊಂಡಿವೆ.

ನಮ್ಮ ಕಡೆಯ ಸ್ಥಿತಿಯಿಂದಲೇ ಆರಂಭಿಸೋಣ. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿರುವ ಊರುಗಳು, ಮಸ್ಕಿ ನಡುವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿ, ಅಡತಿ ಅಂಗಡಿ ಇವು ಸಿಂಧನೂರಿನ ಜೀವಾಳ. ಇಂಥ ಊರಿಗೆ ಕಂಪ್ಯೂಟರ್ ಬಂದದ್ದು ಆಟಕ್ಕಾಗಿ ಅಲ್ಲ, ಲೆಕ್ಕಕ್ಕಾಗಿ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ವ್ಯಾಟ್ ಜಾರಿಗೆ ಬಂದಾಗ ಖಾತೆ ಪುಸ್ತಕದಲ್ಲೇ ಬದುಕು ಸವೆಸಿದ ಗುಮಾಸ್ತರು ಕೂಡ ಟ್ಯಾಲಿ ಕಲಿಯಬೇಕಾಯಿತು.

ಈ ಟ್ಯಾಲಿ ನಮ್ಮ ಕರ್ನಾಟಕದ್ದೇ. ಜವಳಿ ಗಿರಣಿಗಳಿಗೆ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಬಲ್ಲ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರೇ ಒಂದನ್ನು ಬರೆದರು. 1986ರಲ್ಲಿ ಬೆಂಗಳೂರಿನಲ್ಲಿ ಕಂಪೆನಿ ಶುರುವಾಯಿತು. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ ಬಂತು. ಆದರೆ ಬೆಂಗಳೂರಿನಲ್ಲಿ ಬರೆದ ಸಾಫ್ಟ್‌ವೇರ್ ಸಿಂಧನೂರಿನ ಗಿರಣಿಗೆ ತಾನಾಗಿ ನಡೆದು ಬರಲಿಲ್ಲ. ನಡುವೆ ಡೀಲರ್ ಇದ್ದ. ಅವನು ಡಬ್ಬಿ ತಂದ, ಕಂಪ್ಯೂಟರಿಗೆ ಹಾಕಿದ, ಗುಮಾಸ್ತರ ಪಕ್ಕದಲ್ಲಿ ಕುಳಿತು ಜಮಾ ಎಲ್ಲಿ, ಖರ್ಚು ಎಲ್ಲಿ ಎಂದು ತೋರಿಸಿದ, ಕರೆಂಟು ಹೋಗಿ ಲೆಕ್ಕ ಅಳಿಸಿಹೋದಾಗ ಮತ್ತೆ ಓಡಿ ಬಂದ.

ಡಬ್ಬಿಯ ಕಾಲದ ಗುಟ್ಟು ಅಡಗಿರುವುದು ಇಲ್ಲೇ. ತಿಳಿಯಲೆಂದು ಒಂದು ಊಹೆಯ ಲೆಕ್ಕ ಹಾಕೋಣ. ಸಾವಿರ ರೂಪಾಯಿಯ ಒಂದು ಡಬ್ಬಿ. ಅದರಲ್ಲಿ ತಟ್ಟೆ, ರಟ್ಟು, ಮುದ್ರಣಕ್ಕೆ ಸ್ವಲ್ಪ, ಲಾರಿ, ಗೋದಾಮು, ದೊಡ್ಡ ವಿತರಕರಿಗೆ ಸ್ವಲ್ಪ, ಅಂಗಡಿಯವನಿಗೆ ನೂರೋ ಇನ್ನೂರೋ, ತೆರಿಗೆ, ಉಳಿದದ್ದು ತಯಾರಿಸಿದವರಿಗೆ. ಮಾರಾಟವಾಗದ ಡಬ್ಬಿ ಅಂಗಡಿಯ ಕಪಾಟಿನಲ್ಲೇ ಹಳತಾಗುತ್ತಿತ್ತು. ಮರುವರ್ಷ ಹೊಸ ಆವೃತ್ತಿ ಬಂದರೆ ಹಳೆಯದಕ್ಕೆ ಬೆಲೆಯೇ ಇಲ್ಲ. ಇದು ತಯಾರಕನಿಗೂ ಅಂಗಡಿಯವನಿಗೂ ನಷ್ಟದ ಬಾಬತ್ತು. ‘ಮಧ್ಯವರ್ತಿಯ ಬಾಯಿಗೆ ಇಷ್ಟೊಂದು ಯಾಕೆ ಹೋಗಬೇಕು, ನೇರವಾಗಿ ಮಾರಿದರೆ ಕೊಳ್ಳುವವನಿಗೂ ಅಗ್ಗ, ಮಾರುವವನಿಗೂ ಲಾಭ’ ಎಂದು ಕಂಪೆನಿಗಳು ಯೋಚಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಅಂಗಡಿಯವನ ಆ ನೂರಿನ್ನೂರು ರೂಪಾಯಿ ಬರೀ ದಲ್ಲಾಳಿ ಹಣವಾಗಿರಲಿಲ್ಲ. ಆರು ತಿಂಗಳ ನಂತರ ನೀವು ಫೋನ್ ಮಾಡಿ ‘ಬೇಟಾ, ಕಂಪ್ಯೂಟರ್ ಚಾಲೂ ಆಗ್ತಿಲ್ಲ, ಸ್ವಲ್ಪ ಬಂದು ಹೋಗು’ ಎಂದಾಗ ಅವನು ಬಂದು ಚಹಾ ಕುಡಿದು ಸರಿ ಮಾಡಿಕೊಟ್ಟು ಹೋದನಲ್ಲ, ಆ ಸಂಜೆಯ ಕೂಲಿಯೂ ಅದರಲ್ಲೇ ಇತ್ತು. ನಾವು ಅದನ್ನು ಪುಕ್ಕಟೆ ಎಂದುಕೊಂಡೆವು.

ನಮ್ಮಂಥ ಸಣ್ಣ ಊರುಗಳಲ್ಲಿ ಡಬ್ಬಿಯ ವ್ಯಾಪಾರ ಎಷ್ಟು ಬೇರೂರಿತ್ತು ಎಂಬುದಕ್ಕೆ ಪುಣೆಯ ಕ್ವಿಕ್ ಹೀಲ್ ಒಳ್ಳೆಯ ಉದಾಹರಣೆ. ಹತ್ತನೇ ತರಗತಿಗೆ ಓದು ನಿಲ್ಲಿಸಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಶ್ ಕಾಟ್ಕರ್ ಮತ್ತು ಕಂಪ್ಯೂಟರ್ ಓದಿದ ತಮ್ಮ ಸಂಜಯ್ ಸೇರಿ 1990ರ ದಶಕದಲ್ಲಿ ಈ ಆ್ಯಂಟಿವೈರಸ್ ತಂದರು. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ವೈರಸ್ ಹರಡುತ್ತಿದ್ದ ದಿನಗಳಲ್ಲಿ ಇದರ ಡಬ್ಬಿ ಸಣ್ಣ ಸಣ್ಣ ಊರಿನ ಕಂಪ್ಯೂಟರ್ ಅಂಗಡಿಗಳಲ್ಲೂ ತೂಗುತ್ತಿತ್ತು. ಅಂಗಡಿಯವನಿಗೆ ಇದು ಕಿರಾಣಿ ಅಂಗಡಿಯ ಸಕ್ಕರೆಯಂತೆ, ವರ್ಷಕ್ಕೊಮ್ಮೆ ಅದೇ ಗಿರಾಕಿ ಅದೇ ಡಬ್ಬಿಗೆ ಮತ್ತೆ ಬರುತ್ತಿದ್ದ. 2016ರಲ್ಲಿ ಆ ಕಂಪೆನಿ ಷೇರು ಮಾರುಕಟ್ಟೆಗೂ ಬಂತು. ಆದರೆ 2012ರಲ್ಲಿ ಬಂದ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ತನ್ನದೇ ವೈರಸ್ ಕಾವಲನ್ನು ವಿಂಡೋಸ್ ಜೊತೆಗೇ ಕೊಡತೊಡಗಿತು. ಬೇರೆ ಆ್ಯಂಟಿವೈರಸ್ ಬೇಕೆನ್ನುವವರು ಅದನ್ನು ಆನ್‌ಲೈನ್‌ನಲ್ಲೇ ನವೀಕರಿಸುವುದೂ ಸುಲಭವಾಯಿತು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಕಾರಣವೇ ಕಡಿಮೆಯಾಯಿತು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅಂಗಡಿಯನ್ನೇ ನಂಬಿದ್ದರೆ ನಮ್ಮ ಕೈಗೆ ಎಂದೂ ಬಾರದಿದ್ದ ವಸ್ತುಗಳೂ ಇವೆ. ‘ಬರಹ’ ಅಂಥದ್ದು. ಶೇಷಾದ್ರಿವಾಸು ಅವರು 1998ರಲ್ಲಿ ಅದನ್ನು ಇಂಟರ್‌ನೆಟ್ ಮೂಲಕ ಉಚಿತವಾಗಿ ಬಿಟ್ಟರು. ಡಬ್ಬಿ ಮಾಡಿಸಿ, ವಿತರಕರನ್ನು ಹುಡುಕಿ, ಜಿಲ್ಲೆ ಜಿಲ್ಲೆಗೆ ಕಳಿಸಿ ಎಂದು ಒಬ್ಬ ವ್ಯಕ್ತಿ ಹೊರಟಿದ್ದರೆ ಅದು ರಾಯಚೂರು ಮುಟ್ಟುತ್ತಿತ್ತೇ? ಆಗ ದುಬಾರಿ ಬೆಲೆಯ, ಡೊಂಗಲ್ ಬೀಗವಿದ್ದ ಭಾಷಾ ಸಾಫ್ಟ್‌ವೇರ್‌ಗಳನ್ನು ಪ್ರೆಸ್ಸಿನವರು ಮಾತ್ರ ಕೊಳ್ಳುತ್ತಿದ್ದರು. ಬರಹ ಬಂದ ಮೇಲೆ ಶಾಲೆಯ ಪ್ರಶ್ನೆಪತ್ರಿಕೆಯನ್ನು ನಾವೇ ಕನ್ನಡದಲ್ಲಿ ಟೈಪ್ ಮಾಡುವಂತಾಯಿತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಉಚಿತವಾಗಿಯೇ ಸಿಕ್ಕಿತು. ನಂತರದ ವರ್ಷಗಳಲ್ಲಿ ಬರಹದ ಹೊಸ ಆವೃತ್ತಿಗಳಿಗೆ ಬೆಲೆ ಬಂತು, ಅದೂ ಆನ್‌ಲೈನ್‌ನಲ್ಲೇ, ತಯಾರಕರಿಂದಲೇ ನೇರವಾಗಿ. ನಡುವೆ ಅಂಗಡಿ ಇಲ್ಲದ್ದರಿಂದಲೇ ಒಂದು ಭಾಷೆಗೆ ಅಷ್ಟು ಉಪಕಾರವಾಯಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಉರ್ದುವಿನ ಕಥೆ ಬೇರೆ ರೀತಿಯದು. ನಮ್ಮಲ್ಲಿ ಮದುವೆಯ ರುಖ್ಖಾ, ಮದ್ರಸಾದ ಜಲ್ಸಾದ ಪೋಸ್ಟರ್ ಇವನ್ನೆಲ್ಲ ನಸ್ತಾಲೀಕ್ ಲಿಪಿಯಲ್ಲೇ ನೋಡಬೇಕೆಂಬ ಆಸೆ. ಮಿರ್ಝಾ ಅಹ್ಮದ್ ಜಮೀಲ್ ಅವರು 1981ರ ಸುಮಾರಿಗೆ ಕಂಪ್ಯೂಟರಿಗೆ ಇಳಿಸಿದ ನೂರಿ ನಸ್ತಾಲೀಕ್ ಅಕ್ಷರಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಬಳಸುವಂತೆ ಮಾಡಿದ್ದು 1994ರಲ್ಲಿ ದಿಲ್ಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಕಂಪೆನಿ ತಂದ ‘ಇನ್‌ಪೇಜ್’. ಕಾತಿಬರು ಕೈಯಲ್ಲಿ ಬರೆಯುತ್ತಿದ್ದ ಪುಟಗಳನ್ನು ಇನ್‌ಪೇಜ್ ಕೂಡಿಸತೊಡಗಿತು. ನಕಲಾಗದಿರಲಿ ಎಂದು ಅದಕ್ಕೆ ಡೊಂಗಲ್ ಇತ್ತು. ಆದರೂ ಬೀಗ ಒಡೆದ ಪ್ರತಿಗಳು ಉಪಖಂಡದ ತುಂಬ ಹರಡಿದವು. ಯಾರೋ ಒಬ್ಬರು ‘ಕ್ರ್ಯಾಕ್’ ಮಾಡಿದ ಸೀಡಿ ಒಂದು ಪ್ರೆಸ್ಸಿನಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ದಾಟಿತು. ದೀನೀ ಪುಸ್ತಕಗಳನ್ನೇ ಕದ್ದ ಪ್ರತಿಯಲ್ಲಿ ಕೂಡಿಸಿದ್ದೂ ಇದೆ, ಇದನ್ನು ಹೇಳಲು ನಾಚಿಕೆಯಾಗುತ್ತದೆ!

‘ಬರೀ ನಕಲು ತಾನೇ, ಯಾರ ವಸ್ತುವೂ ಕಳೆದುಹೋಗಲಿಲ್ಲವಲ್ಲ’ ಎನ್ನುವವರಿದ್ದಾರೆ. ಇದಕ್ಕೆ ಉಲಮಾಗಳು ಎಂದೋ ಉತ್ತರ ಹೇಳಿದ್ದಾರೆ. 1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಕೃತಿಸ್ವಾಮ್ಯ, ಆವಿಷ್ಕಾರ, ವ್ಯಾಪಾರನಾಮ ಇವು ಬೆಲೆಯುಳ್ಳ ಹಕ್ಕುಗಳು, ಶರೀಅತ್ ಇವನ್ನು ರಕ್ಷಿಸುತ್ತದೆ, ಇವುಗಳ ಮೇಲೆ ಅತಿಕ್ರಮಣ ಸಲ್ಲದು ಎಂದು ತೀರ್ಮಾನಿಸಿತು. ನಮ್ಮ ದೇಶದ ಕಾನೂನೂ ಅದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿ ಎಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಬಳಸದವರಿಗೆ ನ್ಯಾಯಾಲಯ ಸೆರೆಯಿಂದ ವಿನಾಯಿತಿ ಕೊಡಬಹುದು. ಆದರೆ ಮದುವೆ ಕಾರ್ಡು ಮಾಡಿ ಹಣ ಪಡೆಯುವುದು ವ್ಯಾಪಾರವೇ. ಕಂಪ್ಯೂಟರ್ ಕೊಳ್ಳುವಾಗ ಅಂಗಡಿಯವರು ‘ಎಲ್ಲ ಹಾಕಿಕೊಟ್ಟಿದ್ದೇವೆ ಆಪಾ’ ಎಂದರೆ ಸಂತೋಷಪಡುವ ಮೊದಲು ಬಿಲ್‌ನಲ್ಲಿ ಯಾವುದರ ಹೆಸರಿದೆ ಎಂದು ನೋಡಿ. ಕಂಪ್ಯೂಟರಿಗೆ ಮಾತ್ರ ಬಿಲ್, ಸಾಫ್ಟ್‌ವೇರ್‌ಗಳು ‘ಪುಕ್ಕಟೆ’ ಎಂದಾದರೆ ಅನುಮಾನಪಡಲೇಬೇಕು.

ಫೋಟೋಶಾಪ್ ತಯಾರಿಸುವ ಅಡೋಬಿ ಕಂಪೆನಿ 2013ರ ಮೇ ತಿಂಗಳಲ್ಲಿ, ಇನ್ನು ಮುಂದಿನ ಹೊಸ ಆವೃತ್ತಿಗಳು ಚಂದಾ ಕಟ್ಟಿದವರಿಗೆ ಮಾತ್ರ ಎಂದು ಘೋಷಿಸಿತು. ಸ್ಟುಡಿಯೋದವರಿಗೆ, ಡಿಟಿಪಿಯವರಿಗೆ ಇದು ದೊಡ್ಡ ತಿರುವು. ಫಿಕ್ಹ್ ಓದಿದವರಿಗೆ ಇದನ್ನು ತಿಳಿಸುವುದು ಸುಲಭ. ಡಬ್ಬಿಯ ಕಾಲದಲ್ಲಿ ಆದದ್ದು ‘ಬೈಅ್’ನಂತೆ, ಅಂದರೆ ಮಾರಾಟ. ಒಮ್ಮೆ ಹಣ ಕೊಟ್ಟಿರಿ, ತಟ್ಟೆ ನಿಮ್ಮದು, ಹತ್ತು ವರ್ಷ ಬಳಸಿ. ಈಗ ಆಗುತ್ತಿರುವುದು ‘ಇಜಾರಾ’, ಬಾಡಿಗೆ. ತಿಂಗಳ ಹಣ ನಿಂತರೆ ಬಾಗಿಲು ಮುಚ್ಚುತ್ತದೆ. ಕಾನೂನಿನ ಕಣ್ಣಿಗೆ ಡಬ್ಬಿಯೂ ಪೂರ್ಣ ಮಾರಾಟವಾಗಿರಲಿಲ್ಲ, ಬಳಸುವ ಪರವಾನಗಿ ಮಾತ್ರ ನಿಮ್ಮದಾಗಿತ್ತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್ ಅಕ್ಕಿ, ಬಟ್ಟೆಯಂತೆ ಮಾರಾಟ ತೆರಿಗೆಗೆ ಒಳಪಡುವ ಸರಕು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಹೇಳಿತು. 2021ರ ಮಾರ್ಚ್‌ನಲ್ಲಿ ಮತ್ತೊಂದು ತೀರ್ಪಿನಲ್ಲಿ, ಕೊಳ್ಳುವವನಿಗೆ ಸಿಗುವುದು ಪ್ರತಿಯೇ ಹೊರತು ಕೃತಿಸ್ವಾಮ್ಯವಲ್ಲ ಎಂದು ಸ್ಪಷ್ಟಪಡಿಸಿತು. ಆದರೂ ಬಳಸುವವರ ಅನುಭವದಲ್ಲಿ ತಟ್ಟೆ ಕೈಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ. (ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಎರಡು ಸಾವಿರಕ್ಕೂ ಹೆಚ್ಚು ವರ್ಷ ಬಾಳಿ 1915ರಲ್ಲಿ ಬೆಳಕಿಗೆ ಬಂತು. ನಮ್ಮ ಸೀಡಿಗಳು ಧೂಳು ಬಿಸಿಲಿಗೆ ಹತ್ತು ವರ್ಷದಲ್ಲೇ ಓದದಂತಾದವು ಎಂಬುದೂ ನಿಜ.)

ಇಜಾರಾ ಸರಿಯಾಗಬೇಕಾದರೆ ಅವಧಿ ಎಷ್ಟು, ಬಾಡಿಗೆ ಎಷ್ಟು ಎಂಬುದು ಇಬ್ಬರಿಗೂ ಮೊದಲೇ ಸ್ಪಷ್ಟವಿರಬೇಕು ಎಂಬುದು ನಾವು ಕಲಿತ ಮೊದಲ ಪಾಠ. ಆನ್‌ಲೈನ್ ವ್ಯಾಪಾರ ಎಡವುವುದು ಇಲ್ಲಿಯೇ. ಒಂದು ವರ್ಷದ ಚಂದಾವನ್ನು ತಿಂಗಳ ಕಂತಿನಲ್ಲಿ ತೋರಿಸಿ, ನಡುವೆ ನಿಲ್ಲಿಸಿದರೆ ಕಟ್ಟಬೇಕಾದ ದಂಡವನ್ನು ಮರೆಮಾಡಿದೆ ಎಂದು ಆರೋಪಿಸಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆ ದಾವೆ ಹೂಡಿತು. ನಮ್ಮ ದೇಶದಲ್ಲೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆನ್‌ಲೈನ್ ವ್ಯಾಪಾರಿಗಳು ಬಳಸಬಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿತು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬ ‘ಚಂದಾ ಬಲೆ’ ಅದರಲ್ಲಿ ಒಂದು.

ಮನೆಗಳಲ್ಲಿ ಈ ಬಲೆಗೆ ಸಿಗುವುದು ಹೇಗೆ ಗೊತ್ತೇ? ‘ಏಳು ದಿನ ಉಚಿತ’ ಎಂದು ಆ್ಯಪ್ ಕೇಳುತ್ತದೆ, ಮಗು ಅಮ್ಮಿಯ ಫೋನಿನಲ್ಲಿ ಒತ್ತುತ್ತದೆ, ಅಮ್ಮಿ ಯುಪಿಐ ಪಿನ್ ಹಾಕುತ್ತಾಳೆ, ಒಂದೆರಡು ರೂಪಾಯಿ ತಾನೇ ಎಂದುಕೊಳ್ಳುತ್ತಾಳೆ. ಅವಳು ಒಪ್ಪಿದ್ದು ಆ ಒಂದೆರಡು ರೂಪಾಯಿಗಲ್ಲ, ಆಟೋಪೇಗೆ. ಎಂಟನೇ ದಿನದಿಂದ ಹಣ ಹೋಗತೊಡಗುತ್ತದೆ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು. ಆದರೆ ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ ಒಂದು ಮಿತಿಯೊಳಗಿನ ಕಂತಿಗೆ ಮತ್ತೆ ಓಟಿಪಿ ಕೇಳುವುದಿಲ್ಲ. 2022ರ ಜೂನ್‌ನಲ್ಲಿ ಆ ಮಿತಿಯನ್ನು 5,000ದಿಂದ 15,000 ರೂಪಾಯಿಗೆ ಏರಿಸಿದರು. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ ಎಂದು ಓದದೆ ಬಿಡುವವರಿಗೆ ಆ 24 ಗಂಟೆಯಿಂದ ಏನು ಪ್ರಯೋಜನ? ಆ್ಯಪ್ ಅನ್ನು ಫೋನಿನಿಂದ ಅಳಿಸಿದರೆ ಚಂದಾ ನಿಂತಿತು ಎಂಬ ತಪ್ಪು ತಿಳಿವಳಿಕೆಯೂ ಸಾಕಷ್ಟಿದೆ. ಅಳಿಸಿದರೆ ನಿಲ್ಲುವುದಿಲ್ಲ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಎಂಬ ಭಾಗ ತೆರೆದು ಅಲ್ಲಿ ರದ್ದು ಮಾಡಬೇಕು.

ಇನ್ನು ‘ನೇರ ಮಾರಾಟ’ ಎಂಬ ಮಾತು. ಅದು ನಿಜವಾಗಿ ನೇರವೇ? ಮೊಬೈಲಿನಲ್ಲಿ ನೀವು ಕೊಳ್ಳುವುದು ಹೆಚ್ಚಾಗಿ ಗೂಗಲ್ ಅಥವಾ ಆ್ಯಪಲ್‌ನ ಅಂಗಡಿಯಿಂದ. ಅವು ಬಹುಕಾಲ ನೂರಕ್ಕೆ 30ರಷ್ಟು ಪಾಲು ಪಡೆದವು; 2021ರಲ್ಲಿ ಸಣ್ಣ ತಯಾರಕರಿಗೆ ಅದನ್ನು 15ಕ್ಕೆ ಇಳಿಸಿದವು. ಸಿಂಧನೂರಿನ ಅಂಗಡಿಯವನ ಲಾಭ ದುಬಾರಿ ಎಂದವರು ಈ ಪಾಲನ್ನು ಏನೆನ್ನುತ್ತಾರೋ! ತನ್ನ ಬಿಲ್ಲಿಂಗ್ ವ್ಯವಸ್ಥೆಯನ್ನೇ ಬಳಸಬೇಕೆಂದು ಆ್ಯಪ್ ತಯಾರಕರನ್ನು ಕಟ್ಟಿಹಾಕಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ಮೊತ್ತ ಕಡಿಮೆಯಾಯಿತು. ಮಧ್ಯವರ್ತಿ ಹೋಗಲಿಲ್ಲ, ಊರು ಬದಲಿಸಿದ ಅಷ್ಟೇ. ಮೊದಲಿನವನು ನಿಮ್ಮ ಓಣಿಯ ಮದುವೆಗೆ ಬರುತ್ತಿದ್ದ, ಅವನ ಮಕ್ಕಳು ನಿಮ್ಮ ಮಕ್ಕಳ ಶಾಲೆಯಲ್ಲೇ ಓದುತ್ತಿದ್ದರು. ಕೆಟ್ಟರೆ ಹೋಗಿ ಜಗಳವಾಡಬಹುದಿತ್ತು.

ಈಗ ಜಗಳವಾಡಲು ಹೋದವರೇ ಮೋಸಹೋಗುತ್ತಿದ್ದಾರೆ. ಕಂಪೆನಿಯ ಸಹಾಯವಾಣಿ ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಸಿಗುವ ನಂಬರು ಕಳ್ಳರದ್ದಾಗಿರುತ್ತದೆ. ‘ಹಣ ವಾಪಸ್ ಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದು ನಿಮ್ಮ ಫೋನಿನ ಪರದೆಯನ್ನೇ ಅವರು ಅಲ್ಲಿ ಕುಳಿತು ನೋಡುತ್ತಾರೆ. ನಂಬರನ್ನು ಆ ಕಂಪೆನಿಯ ಆ್ಯಪ್ ಒಳಗಿನಿಂದಲೇ ತೆಗೆದುಕೊಳ್ಳಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ವಸ್ತು ಅಥವಾ ಚಂದಾದ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಂಪೆನಿ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದೆ, ನಾವೇನು ಮಾಡಲಾದೀತು ಎಂದು ಕೈಚೆಲ್ಲಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಲಿಂಗಸುಗೂರು, ಮಸ್ಕಿ, ಸಿಂಧನೂರಿನವರಿಗೆ ಅದು ರಾಯಚೂರಿನ ಜಿಲ್ಲಾ ಆಯೋಗ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ.

ಹಾಗಾದರೆ ಯಾವುದನ್ನು ಎಲ್ಲಿ ಕೊಳ್ಳಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಲೆಕ್ಕದ ಸಾಫ್ಟ್‌ವೇರ್ ಬೇಕಾದವರು ಈಗಲೂ ಊರಿನ ಅಂಗಡಿಯವನ ಮೂಲಕವೇ ಕೊಳ್ಳಲಿ. ಟ್ಯಾಲಿಯನ್ನು ಇಂದು ಕಂಪೆನಿಯಿಂದ ಆನ್‌ಲೈನ್‌ನಲ್ಲೂ ಪಡೆಯಬಹುದು, ಡೀಲರ್ ಮೂಲಕವೂ ಪಡೆಯಬಹುದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪಕ್ಕದಲ್ಲಿ ಕುಳಿತು ಕಲಿಸುವವರು ಇದ್ದವರು ಉಳಿದರು, ಇಲ್ಲದವರು ಬಹಳ ಪರದಾಡಿದರು. ಪಾಠದ ಆ್ಯಪ್‌ನಂಥವುಗಳನ್ನು ನೇರವಾಗಿ ಪಡೆದರೆ ತೊಂದರೆಯಿಲ್ಲ, ಆದರೆ ಆಟೋಪೇ ಬೇಡ; ತಿಂಗಳಿಗೊಮ್ಮೆ ನೀವೇ ಕಟ್ಟಿ. ಅಂಗಡಿಯ ಹುಡುಗ ಮನೆಗೆ ಬಂದು ವಿಂಡೋಸ್ ಸರಿ ಮಾಡಿಕೊಟ್ಟಾಗ ‘ಎಷ್ಟಾಯಿತು ಬೇಟಾ’ ಎಂದು ಕೇಳಿ. ಡಬ್ಬಿಯ ಲಾಭವಿಲ್ಲದ ಅವನಿಗೆ ಈಗ ಆ ಕೂಲಿಯೇ ಗಳಿಕೆ. ಮುನ್ನೂರು ರೂಪಾಯಿ ಕೇಳಿದರೆ ‘ಬರೀ ನಾಲ್ಕು ಬಟನ್ ಒತ್ತಿದ್ದಕ್ಕೆ ಇಷ್ಟಾ?’ ಎನ್ನುವವರು ನಮ್ಮಲ್ಲೇ ಹೆಚ್ಚು.

ಮನೆಯಲ್ಲೇ ಡಿಟಿಪಿ ಮಾಡುವ ಹೆಣ್ಣುಮಕ್ಕಳಿಗೆ ಎರಡು ಮಾತು. ಚಂದಾ ಕಟ್ಟುವಷ್ಟು ಕೆಲಸ ಇನ್ನೂ ಬರುತ್ತಿಲ್ಲವೆಂದರೆ ಕ್ರ್ಯಾಕ್ ಪ್ರತಿಯ ಕಡೆ ಹೋಗಬೇಡಿ. ಫೋಟೋ ಕೆಲಸಕ್ಕೆ ಜಿಂಪ್, ಚಿತ್ರ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪತ್ರ ಲೆಕ್ಕಗಳಿಗೆ ಲಿಬ್ರೆಆಫೀಸ್ ಕಾನೂನುಬದ್ಧವಾಗಿಯೇ ಉಚಿತವಾಗಿವೆ. ಯೂನಿಕೋಡ್ ಬಂದ ಮೇಲೆ ನಸ್ತಾಲೀಕ್ ಅಕ್ಷರಗಳೂ ಹಾಗೆಯೇ ಸಿಗುತ್ತವೆ, ಗೂಗಲ್‌ನ ನೋಟೋ ನಸ್ತಾಲೀಕ್ ಉರ್ದು ಅದರಲ್ಲಿ ಒಂದು. ಕಲಿಯಲು ಒಂದೆರಡು ತಿಂಗಳು ಹೆಚ್ಚು ಬೇಕಾದೀತು. ಚಂದಾ ಕಟ್ಟಿಯೇ ಫೋಟೋಶಾಪ್ ಬಳಸುವವರು ಮೊದಲು ನೋಡಬೇಕಾದದ್ದು, ಅದು ನಿಜವಾಗಿ ತಿಂಗಳ ಚಂದಾವೋ, ತಿಂಗಳ ಕಂತಿನ ವರ್ಷದ ಚಂದಾವೋ ಎಂಬುದನ್ನು. ರಮಝಾನ್ ತಿಂಗಳಲ್ಲಿ ನಮ್ಮಲ್ಲಿ ಮದುವೆಗಳಿಲ್ಲ, ಕಾರ್ಡಿನ ಕೆಲಸವೂ ಇಲ್ಲ. ತಿಂಗಳ ಚಂದಾ ಆದರೆ ಆಗ ನಿಲ್ಲಿಸಿ ಶವ್ವಾಲ್‌ನಲ್ಲಿ ಮತ್ತೆ ಕಟ್ಟಬಹುದು, ವರ್ಷದ್ದಾದರೆ ಕೆಲಸವಿಲ್ಲದಿದ್ದರೂ ಕಂತು ಹೋಗುತ್ತಲೇ ಇರುತ್ತದೆ. ನೂರು ಕಾರ್ಡಿಗೆ ಎಷ್ಟು ಎಂದು ಗಿರಾಕಿಗೆ ದರ ಹೇಳುವಾಗ ಕಾಗದ, ಮುದ್ರಣ, ನಿಮ್ಮ ಕೂಲಿಯ ಜೊತೆ ಈ ಬಾಡಿಗೆಯನ್ನೂ ಹನ್ನೊಂದು ತಿಂಗಳಿಗೆ ಹಂಚಿ ಸೇರಿಸಿಕೊಳ್ಳಿ.